ಎಬ್ಬಿಸಿ ತೋರಿಸಿ

ಆಫೀಸಿನಲ್ಲಿ ಆಕೆಗೆ ಬಿದ್ದ ಹೆಸರು ಆಗಲ್ಲಕ್ಕ. ಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆಯತೊಡಗಿದರು. ಯಾರಾದರೂ ಬಂದು ಪಾಸ್‌ವರ್ಡ್ ಕೇಳಿದರೆ ಆಗಲ್ಲ. ಮನೆಯಿಂದ ತಂದ ಪೆನ್‌ಡ್ರೈವ್ ಚುಚ್ಚುತ್ತೇನೆಂದರೆ ಆಗಲ್ಲ. ಕೃತಕ ಕಾಲು ಮಾಡುವ ಆ ಕೇಂದ್ರದ ಕಂಪ್ಯೂಟರುಗಳನ್ನು ಆಕೆ ಇಷ್ಟು ವರ್ಷ ಕಾದುಕೊಂಡು ಬಂದದ್ದು ಆ ಒಂದೇ ಮಾತಿನ ಬಲದಿಂದ. ಜಗಳಗಂಟಿಯೇ ಎಂದರೆ, ಹೌದು, ಜಗಳಗಂಟಿಯೇ. ಅಂಥವರೊಬ್ಬರೂ ಇಲ್ಲದ ಆಫೀಸು ಹೇಗಿರುತ್ತದೆಂದು ಅಲ್ಲಿ ದುಡಿದವರನ್ನು ಕೇಳಬೇಕು.

ಆ ಕೇಂದ್ರದಲ್ಲಿ ಕಾಲು ಕಳೆದುಕೊಂಡವರ ಮೋಟುಗಾಲಿನ ಆಕಾರವನ್ನು ಸ್ಕ್ಯಾನರಿನಿಂದ ಹಿಡಿದು, ಅದು ಕೂರುವ ಬಟ್ಟಲನ್ನು ಮೊದಲು ಮಾಡುತ್ತಾರೆ, ಕಾಲು ಆಮೇಲಿನದು. ಮೋಟುಗಾಲು ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತದೆ, ಎಲ್ಲೋ ಒಂದು ಕಡೆ ಎಲುಬು ಒತ್ತುತ್ತದೆ. ಹಳೆಯ ಆಕಾರಗಳನ್ನು ಪಕ್ಕಕ್ಕಿಟ್ಟು ನೋಡಿದರೇನೇ ಹೊಸ ಬಟ್ಟಲು ಎಲ್ಲಿ ನೋಯಿಸುತ್ತದೆಂದು ತಿಳಿಯುವುದು. ಆ ಆಕಾರಗಳೆಲ್ಲ ಇದ್ದದ್ದು ಮೆಟ್ಟಿಲ ಕೆಳಗಿನ ತಣ್ಣನೆಯ ಕೋಣೆಯಲ್ಲಿ. ಅಲ್ಲಿ ಕಬ್ಬಿಣದ ಪೆಟ್ಟಿಗೆಗಳು ಕೆಲವೇ ಇದ್ದವು. ಆದರೆ ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹಚ್ಚಿದ ಅಣ್ಣತಮ್ಮಂದಿರ ಹಾಗೆ ಒಂದೊಂದು ಪೆಟ್ಟಿಗೆಯಲ್ಲೂ ಕಣ್ಣಿಗೆ ಕಾಣದ ಹಲವು ಕಂಪ್ಯೂಟರುಗಳು ಸಂಸಾರ ಹೂಡಿದ್ದವು. ಅವಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು.

ಹೊಸ ಮ್ಯಾನೇಜರ್ ಬಂದ. ಬಂದವನೇ ಆ ಕೋಣೆಗೆ ತಲೆ ಹಾಕಿ, ಇಲ್ಲೊಂದು ಒಳ್ಳೆಯ ಮೀಟಿಂಗ್ ರೂಮು ಆಗುತ್ತದಲ್ಲ ಎಂದ. ಅಲ್ಲಿಂದ ಶುರುವಾಯಿತು. ಮಷೀನುಗಳನ್ನೆಲ್ಲ ಕ್ಲೌಡಿಗೆ, ಅಂದರೆ ದೂರದ ಯಾವುದೋ ಕಂಪನಿಯ ಬಾಡಿಗೆ ಪೆಟ್ಟಿಗೆಗಳಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಆಕೆ ಜಗಳವಾಡುತ್ತಲೇ ಸಾಗಿಸಿದಳು. ಎಲ್ಲ ಸರಿಹೋಯಿತು. ಎಚ್ಚರಿಕೆಗೆಂದು ಹಳೆಯ ಪೆಟ್ಟಿಗೆಗಳನ್ನೂ ಸ್ವಲ್ಪ ಕಾಲ ಆರಿಸದೆ ಬಿಟ್ಟಿದ್ದರು. ದಿನವೂ ಬ್ಯಾಕಪ್, ಅಂದರೆ ಮಷೀನುಗಳ ನಕಲು ತೆಗೆದಿಡುವುದು, ನಡೆಯುತ್ತಿತ್ತು, ಬೆಳಿಗ್ಗೆ ಪರದೆಯ ಮೇಲೆ ಎಲ್ಲ ಸರಿಯೆಂದು ಹಸಿರು ಗುರುತು ಬೀಳುತ್ತಿತ್ತು.

ಒಂದು ದಿನ ಮ್ಯಾನೇಜರ್ ಆಕೆಯ ಮೇಜಿನ ಹತ್ತಿರ ಬಂದು ನಿಂತ.

“ಮೇಡಂ, ಆ ಕೋಣೆ ಬೀಗದ ಕೈ ಕೊಟ್ಬಿಡಿ. ಗುಜರಿಯವನು ಬರ್ತಾನೆ.”

“ಆಗಲ್ಲ ಸಾರ್.”

“ಯಾಕೆ? ಎಲ್ಲಾ ಕ್ಲೌಡ್‌ಗೆ ಹೋಯ್ತಲ್ಲ. ಇನ್ನು ಅವರು ನೋಡ್ಕೋತಾರೆ.”

“ಅವರು ಅವರ ಪೆಟ್ಟಿಗೆ ನೋಡ್ಕೋತಾರೆ. ಒಳಗಿರೋದು ನಮ್ಮ ಸರಕು. ಬಾಡಿಗೆ ಮನೆ ಓನರು ಬಂದು ನಿಮ್ಮ ಪಾತ್ರೆಪಗಡೆ ಕಾಯ್ತಾನಾ?”

“ಬ್ಯಾಕಪ್ ಇದೆ, ದಿನಾ ಹಸಿರು ಬರ್ತಿದೆ ಅಂತ ನೀವೇ ಹೇಳಿದ್ರಿ.”

“ಬರ್ತಿದೆ. ಆದ್ರೆ ಆ ನಕಲಿಂದ ಒಂದು ಮಷೀನನ್ನಾದ್ರೂ ಎಬ್ಬಿಸಿ ನೋಡಿದೀವಾ? ಎಬ್ಬಿಸಿ ನೋಡೋವರೆಗೂ ಬೀಗದ ಕೈ ಕೊಡಲ್ಲ. ತಿಂಗಳಿಗೊಂದು ಸಲ ಹೀಗೆ ನೋಡ್ಬೇಕು ಅಂತ ನಿಯಮಾನೂ ಆಗ್ಬೇಕು.”

“ನಿಮ್ಮ ಮೊಲಕ್ಕೆ ಮೂರೇ ಕಾಲು ಬಿಡಿ,” ಎಂದು ಮ್ಯಾನೇಜರ್ ಗೊಣಗಿದ.

ಪಕ್ಕದ ಕೋಣೆಯಿಂದ ಕಾಲು ಮೇಸ್ತ್ರಿ ಕೂಗಿದ. ಬಟ್ಟಲು ಕೊರೆದು ಕೂಡಿಸುವವನು ಆತ, ಕೇಂದ್ರದಷ್ಟೇ ಹಳಬ. “ಮೂರೇ ಕಾಲಿದ್ರೆ ಕಳಿಸಿಕೊಡಿ ಸಾರ್, ನಾಲ್ಕನೇದು ನಾನು ಮಾಡ್ತೀನಿ!”

ನಗು ಎದ್ದಿತು. ಆ ನಗುವಿನಲ್ಲೇ ಮ್ಯಾನೇಜರ್ ಒಪ್ಪಿಬಿಟ್ಟ, ಒಂದೇ ಒಂದು ಸಲ ಎಂದು.

ಮೇಸ್ತ್ರಿಯ ಕೋಣೆಯಲ್ಲೇ, ಅವನೆದುರಿಗೇ, ಆಕೆ ಬ್ಯಾಕಪ್ಪಿನಿಂದ ಒಂದು ಮಷೀನನ್ನು ಎಬ್ಬಿಸಿದಳು. ಅದು ಗೊಣಗದೆ ಎದ್ದಿತು. “ಎದ್ದಿತಲ್ಲ, ಇನ್ನೇನು?” ಎಂದ ಮೇಸ್ತ್ರಿ. ತಾಳಿ ಎಂದು ಆಕೆ ತನ್ನ ಅತ್ತೆಯ ಹೆಸರು ಹುಡುಕಿದಳು. ಅತ್ತೆಗೆ ಸಕ್ಕರೆ ಕಾಯಿಲೆ. ಮೊಣಕಾಲಿನ ಕೆಳಗೆ ಒಂದು ಕಾಲು ಹೋಗಿತ್ತು, ನಾಲಿಗೆ ಮಾತ್ರ ಭದ್ರವಾಗಿ ಉಳಿದಿತ್ತು. ಹೋದ ವಾರವಷ್ಟೇ ಮೇಸ್ತ್ರಿ ಹೊಸ ಬಟ್ಟಲಿಗೆಂದು ಅತ್ತೆಯ ಮೋಟುಗಾಲನ್ನು ಸ್ಕ್ಯಾನ್ ಮಾಡಿದ್ದ. ಹಳೆಯ ಆಕಾರಗಳೆಲ್ಲ ಇದ್ದವು. ಹೋದ ವಾರದ್ದಿರಲಿಲ್ಲ.

ಬೇರೆಯವರ ಹೆಸರು ಹಾಕಿ ನೋಡಿದಳು. ಯಾರದೂ ಇಲ್ಲ. ಕ್ಲೌಡಿಗೆ ಹೋದ ದಿನದಿಂದ ಈಚೆಗೆ ಬಂದವರು ಒಬ್ಬರೂ ಆ ನಕಲಿನಲ್ಲಿ ಇರಲಿಲ್ಲ.

ಬ್ಯಾಕಪ್ ಮಾಡಬೇಕಾದ ಮಷೀನುಗಳ ಪಟ್ಟಿಯನ್ನು ತೆರೆದು ನೋಡಿದಾಗ ಎಲ್ಲ ಬಯಲಾಯಿತು. ಅದರಲ್ಲಿ ಮೆಟ್ಟಿಲ ಕೆಳಗಿನ ಹಳೆಯ ಮಷೀನುಗಳೇ ಇನ್ನೂ ಇದ್ದವು. ಕ್ಲೌಡಿನವನ್ನು ಸೇರಿಸಿಯೇ ಇರಲಿಲ್ಲ. ಗಂಡನ ಮನೆಗೆ ಹೋದ ಮಗಳ ಹಳೇ ಕೋಣೆಗೆ ದಿನವೂ ಊಟ ಇಟ್ಟು ಬಂದ ಹಾಗೆ, ಯಾರೂ ಮುಟ್ಟದ ಮಷೀನುಗಳನ್ನು ಬ್ಯಾಕಪ್ ನಿಷ್ಠೆಯಿಂದ ನಕಲು ಮಾಡುತ್ತ, ಹಸಿರು ಗುರುತು ಹಾಕುತ್ತ ಬಂದಿತ್ತು. ಆ ಪಟ್ಟಿಯನ್ನು ನೋಡಿಕೊಳ್ಳಬೇಕಾಗಿದ್ದವಳು ಆಕೆಯೇ.

ಮ್ಯಾನೇಜರಿಗೆ ಹೇಳಿದಳು. ಅವನು ಎದ್ದು ಬಾಗಿಲು ಹಾಕಿಕೊಂಡು ಬಂದ. ದನಿ ಬೆಣ್ಣೆಯಾಗಿತ್ತು.

“ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸಂತೆ ಮೇಡಂ. ಏನೂ ಹೋಗಿಲ್ವಲ್ಲ, ಕ್ಲೌಡ್‌ನಲ್ಲಿರೋ ಮಷೀನು ಓಡ್ತಾನೇ ಇದೆ. ಪಟ್ಟಿ ಸರಿ ಮಾಡಿ, ಸುಮ್ಮನಿದ್ಬಿಡೋಣ. ಮೇಲಿನವರಿಗೆ ನಾನು ಎಲ್ಲಾ ಭದ್ರವಾಗಿದೆ ಅಂತ ಹೇಳಾಗಿದೆ. ನಿಮ್ಮ ನಿಯಮ ಗಿಯಮ ಬಿಡಿ, ಬೀಗದ ಕೈ ಕೊಡಿ. ಇಲ್ಲಾಂದ್ರೆ ತಪ್ಪು ಯಾರದು ಅಂತ ಕೇಳ್ತಾರೆ. ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ.”

ಆಕೆಗೆ ಹೆದರಿಕೆಯಾಯಿತು. ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಕೆಲಸ ಬಿಟ್ಟರೆ ಆಕೆಗೆ ಬೇರೆ ಹೆಮ್ಮೆಯೇ ಇರಲಿಲ್ಲ. ಪಟ್ಟಿಯನ್ನು ಅಂದೇ ಸರಿ ಮಾಡಿದಳು. ಆದರೆ ಸುಮ್ಮನಿದ್ದರೆ ನಿಯಮ ಬರುವುದಿಲ್ಲ. ನಿಯಮ ಏಕೆ ಬೇಕೆಂದು ಕೇಳಿದರೆ ಹೇಳಲು ಇದ್ದದ್ದು ತನ್ನ ಈ ತಪ್ಪೊಂದೇ ಕಾರಣ. ನಾಳೆ ಇನ್ಯಾರೋ ಇದೇ ತಪ್ಪು ಮಾಡುತ್ತಾರೆ, ಅಂದು ಎಲ್ಲರ ಕಾಲೂ ಹೋಗುತ್ತದೆ.

ಮನೆಯಲ್ಲಿ ಅತ್ತೆ ಮಂಚದ ಮೇಲೆ ಕೂತು ಕಾಲು ಕಳಚಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. “ಯಾಕೇ, ಮುಖ ಸುಟ್ಟ ಬದನೆಕಾಯಿ ಆಗಿದೆ?”

ಸೊಸೆ ಎಲ್ಲವನ್ನೂ ಹೇಳಿದಳು. ಊಟಕ್ಕೆ ಕೂತಿದ್ದ ಗಂಡ ತಲೆಯೆತ್ತಲಿಲ್ಲ. ಅತ್ತೆಸೊಸೆ ಮಾತಿನ ನಡುವೆ ತಲೆಯೆತ್ತಬಾರದೆಂದು ಅವನು ಎಂದೋ ಕಲಿತಿದ್ದ.

“ಅಂದ್ರೆ ನನ್ನ ಕಾಲನ್ನ ಕಳೆದೆ ಅನ್ನು.”

“ಕಳೆದಿಲ್ಲ ಅತ್ತೆ. ಕಳೆದಿದ್ರೆ ಸಿಗ್ತಿರಲಿಲ್ಲ, ಅಷ್ಟೆ.”

“ನೀನೇ ಬಾಯಿಬಿಟ್ರೆ ಒಂದು ದಿನ ಬೈತಾರೆ. ಆ ಮ್ಯಾನೇಜರು ಗುಟ್ಟು ಇಟ್ಕೊಂಡ್ರೆ ದಿನಾ ಕುಣಿಸ್ತಾನೆ. ಇಷ್ಟು ವರ್ಷದಲ್ಲಿ ನನ್ನ ಮಾತಿಗೇ ಕುಣಿಯದ ಹೆಂಗಸು, ಅವನ ಮಾತಿಗೆ ಕುಣೀತೀಯಾ?”

ಮಾರನೆಯ ಸಭೆಯಲ್ಲಿ ಕೇಂದ್ರದ ಮುಖ್ಯಸ್ಥೆ ದೊಡ್ಡ ಡಾಕ್ಟರು, ಮ್ಯಾನೇಜರ್, ಮೇಸ್ತ್ರಿ ಎಲ್ಲರೂ ಇದ್ದರು. ಆಕೆ ಎದ್ದು ನಿಂತಳು.

“ತಪ್ಪು ನನ್ನದು. ಕ್ಲೌಡ್‌ಗೆ ಹೋದ ಮೇಲೆ ಒಂದು ಮಷೀನಿಗೂ ಬ್ಯಾಕಪ್ ಇರಲಿಲ್ಲ. ಹಸಿರು ಗುರುತು ನೋಡಿ ನಾನೂ ನಂಬಿದೆ. ಎಬ್ಬಿಸಿ ನೋಡಿದ್ದಕ್ಕೆ ಗೊತ್ತಾಯ್ತು. ಅದಕ್ಕೇ ಹೇಳ್ತಿರೋದು, ಪ್ರತಿ ತಿಂಗಳು ಎಬ್ಬಿಸಿ ನೋಡ್ಬೇಕು. ನನ್ನನ್ನ ಇಟ್ಕೊಳ್ಳಿ, ಬಿಡಿ. ನಿಯಮ ಮಾತ್ರ ಬಿಡೋ ಹಾಗಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮ್ಯಾನೇಜರ್ “ನನಗೂ ಈಗಷ್ಟೇ ಗೊತ್ತಾಗಿದ್ದು” ಎಂದ. ಯಾರೂ ಅವನನ್ನು ಕೇಳಿರಲಿಲ್ಲ.

ದೊಡ್ಡ ಡಾಕ್ಟರು ನಿಯಮ ಒಪ್ಪಿದರು. ಅದೇ ಉಸಿರಿನಲ್ಲಿ ಕಂಪ್ಯೂಟರಿನ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಟ್ಟು, ಆಕೆಯನ್ನು ಮುಂಬಾಗಿಲ ಮೇಜಿಗೆ, ರೋಗಿಗಳಿಗೆ ಟೋಕನ್ ಕೊಡುವ ಕುರ್ಚಿಗೆ ಹಾಕಿದರು. ಆಕೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತಳು, ಮುಖ ತೊಳೆದುಕೊಂಡಳು, ಹೋಗಿ ಟೋಕನ್ ಕೊಡಲು ಕೂತಳು. ಅನ್ಯಾಯ ಎನ್ನಲೂ ಬಾರದು, ನ್ಯಾಯ ಎನ್ನಲೂ ಬಾಯಿ ಬಾರದು.

ತಿಂಗಳು ತುಂಬಿತು. ಯಾರೂ ಏನನ್ನೂ ಎಬ್ಬಿಸಲಿಲ್ಲ. ಆಕೆ ಒಂದು ದಿನ ಕಾದಳು, ಇನ್ನೊಂದು ದಿನ ಕಾದಳು. ಮೂರನೆಯ ದಿನ ಟೋಕನ್ ಮೇಜನ್ನು ಕಾವಲುಗಾರನಿಗೆ ಒಪ್ಪಿಸಿ ಮೆಟ್ಟಿಲ ಕೆಳಗಿನ ಮೀಟಿಂಗ್ ರೂಮಿಗೆ ನಡೆದಳು. ಒಳಗೆ ಮ್ಯಾನೇಜರ್ ಗುತ್ತಿಗೆದಾರನ ಜೊತೆ ಚಹಾ ಕುಡಿಯುತ್ತಿದ್ದ. ಆಕೆ ಕುರ್ಚಿ ಎಳೆದು ಕೂತಳು.

“ಎಬ್ಬಿಸಿ.”

“ಎಲ್ಲಾ ಹಸಿರಿದೆ ಮೇಡಂ,” ಎಂದ ಗುತ್ತಿಗೆದಾರ.

“ಎಬ್ಬಿಸಿ.”

“ಇದು ನಿಮ್ಮ ಕೆಲಸ ಅಲ್ಲ ಈಗ,” ಎಂದ ಮ್ಯಾನೇಜರ್.

“ಹೌದು, ಅಲ್ಲ. ಎಬ್ಬಿಸಿ.”

ಬಾಗಿಲಲ್ಲಿ ಮೇಸ್ತ್ರಿ ಬಂದು ನಿಂತ. ಅವನ ಹಿಂದೆ ಟೋಕನ್ ಹಿಡಿದ ಇಬ್ಬರು ಇಣುಕಿದರು, ಊರುಗೋಲು ಊರಿಕೊಂಡು. ಗುತ್ತಿಗೆದಾರ ಮ್ಯಾನೇಜರ್ ಮುಖ ನೋಡಿದ, ಮ್ಯಾನೇಜರ್ ಚಹಾದ ಲೋಟ ನೋಡಿದ. ಕೊನೆಗೆ ಗುತ್ತಿಗೆದಾರ ಕೀಬೋರ್ಡ್ ಎಳೆದುಕೊಂಡ. ಮಷೀನು ಎದ್ದಿತು. ಹಿಂದಿನ ದಿನ ಬಂದವರ ಆಕಾರದವರೆಗೂ ಅದರಲ್ಲಿತ್ತು.

“ಈಗ ಸಮಾಧಾನ ಆಯ್ತಾ?” ಎಂದ ಮ್ಯಾನೇಜರ್.

“ಇಲ್ಲ,” ಎಂದು ಆಕೆ ಎದ್ದಳು. “ಮುಂದಿನ ತಿಂಗಳೂ ಬರ್ತೀನಿ.”