ಆಲದ ಮರಕ್ಕೆ ಲೈಟು ಬೇಡ

ಬಳ್ಳಾರಿಯ ಗಡಿಯಾರದ ಬಂಗಲೆಯಲ್ಲಿ ಗಡಿಯಾರ ನಿಂತು ಎಷ್ಟು ವರ್ಷವಾಯಿತೆಂದು ಯಾರಿಗೂ ಗೊತ್ತಿಲ್ಲ. ಅದು ನಿಂತದ್ದನ್ನು ಮೊದಲು ನೋಡಿದವನು ಮೇಲಿನವರಿಗೆ ಹೇಳಿರಲಿಕ್ಕಿಲ್ಲ. ಅವನೂ ದುರುಗಣ್ಣನಂಥ ಮಾಲಿಯೇ ಇದ್ದಿರಬೇಕು.

ಕೊಳಗಲ್ಲಿನ ದುರುಗಣ್ಣ ಆ ಬಂಗಲೆಯ ತೋಟಕ್ಕೆ ಬಂದು ಮೂವತ್ತೊಂದು ವರ್ಷ. ಗಿಡಕ್ಕೆ ನೀರು ಮುಟ್ಟಿಸುವುದನ್ನು ಅಪ್ಪನಿಂದ ಕಲಿತು ಬಂದಿದ್ದ. ಸಾಹೇಬರಿಗೆ ಸುದ್ದಿ ಮುಟ್ಟಿಸದೆ ಇರುವುದನ್ನು ಇಲ್ಲೇ ಕಲಿತ. ಸೇರಿದ ಹೊಸತರಲ್ಲಿ ಮಾವಿನ ಮರಕ್ಕೆ ಗೆದ್ದಲು ಹತ್ತಿದೆ ಎಂದು ಹೇಳಿದ್ದ, ಮರುದಿನ ಗರಗಸ ಬಂತು. ಇನ್ನೊಮ್ಮೆ ದಾಸವಾಳದ ಪೊದೆಯಲ್ಲಿ ಹಾವು ಕಂಡೆ ಎಂದ. ಹಾವು ಹೇಗೋ ತಪ್ಪಿಸಿಕೊಂಡಿತು, ದಾಸವಾಳಕ್ಕೆ ಓಡಲು ಕಾಲಿರಲಿಲ್ಲ. ಅಂದಿನಿಂದ ಯಾರು ಏನೇ ಕೇಳಲಿ, "ಎಲ್ಲಾ ಚಲೋ ಐತ್ರಿ." ಮನೆಯಲ್ಲೂ ಅದೇ. "ಈ ಮನುಷ್ಯಾಗ ಜ್ವರ ಬಂದದ್ದನ್ನೂ ನನಗ ಡಾಕ್ಟ್ರೇ ಹೇಳಬೇಕು" ಎಂದು ಹೆಂಡತಿ ಹೊನ್ನೂರಮ್ಮ ಓಣಿಗೆಲ್ಲ ಸಾರಿದ್ದಳು.

ಹೀಗಾಗಿ ಡಿಸೆಂಬರ್ ಮೊದಲ ವಾರ ಬಂಗಲೆಯ ಹಿಂದಿನ ಆಲದ ಮರಕ್ಕೆ ಹೆಜ್ಜೇನು ಬಂದು, ಎತ್ತರದ ಕೊಂಬೆಗೆ ಮೊರದಗಲ ಹುಟ್ಟು ಕಟ್ಟಿದಾಗಲೂ ಅವನು ಸುಮ್ಮನಿದ್ದ. ಹೇಳಿದರೆ ಪಂಜು ಹಚ್ಚಿ ಸುಡಿಸುತ್ತಾರೆ. ಹೇಳದಿದ್ದರೆ ಬೇಸಿಗೆಗೆ ತಾವೇ ಎದ್ದು ಹೋಗುತ್ತವೆ. ಹುಳಗಳು ಯಾರ ತಂಟೆಗೂ ಬಂದಿರಲಿಲ್ಲ. ಭಯವೆಂದರೆ ಒಂದೇ. ಕತ್ತಲಾದ ಮೇಲೆ ಪಕ್ಕದಲ್ಲಿ ದೊಡ್ಡ ಬೆಳಕು ಬಿದ್ದರೆ ಹೆಜ್ಜೇನು ಆ ಬೆಳಕಿಗೆ ಇಳಿಯುತ್ತದೆ, ಇಳಿದದ್ದು ಬರಿಗೈಲಿ ಹೋಗುವುದಿಲ್ಲ. ಆದರೆ ಬಂಗಲೆಯ ಹಿಂದೆ ಒಂದು ಬಲ್ಬೂ ಇರಲಿಲ್ಲವಲ್ಲ.

ಈ ವರ್ಷ ಬಂಗಲೆ ನೋಡಿಕೊಳ್ಳುವ ಟ್ರಸ್ಟಿನವರು ಕ್ರಿಸ್‌ಮಸ್ಸಿಗೆಂದು ಒಂದು ವಾರ ತೋಟವನ್ನು ಊರಿಗೆ ತೆರೆದಿಟ್ಟರು. ದೊಡ್ಡ ನಕ್ಷತ್ರ, ಪ್ಲಮ್ ಕೇಕು, ಬಾಲಯೇಸುವಿನ ಗೋದಲಿ, ನಲವತ್ತು ಮಕ್ಕಳ ಹಾಡು. ಸಾಂತಾ ಕ್ಲಾಸ್ ಆಗಲು ಕುರುಗೋಡಿನ ತಿಪ್ಪೇಸ್ವಾಮಿ ಬಂದಿದ್ದ. ಬಯಲಾಟದಲ್ಲಿ ಭೀಮನಾಗಿ ಕುಣಿಯುವವನಾದ್ದರಿಂದ ಹೊಟ್ಟೆಗೆ ದಿಂಬು ಬೇಕಾಗಲಿಲ್ಲ. ಉಸ್ತುವಾರಿ ಗಾಂಧಿನಗರದ ಹೇಮಾ ಅವರದು, ಮದುವೆ ಮಂಟಪ ಅಲಂಕರಿಸಿ ಹೆಸರಾದವರು. ಎಲ್ಲವೂ ಬಂಗಲೆಯ ಮುಂದೆಯೇ ಎಂದು ಅವರು ಹೇಳಿದ್ದರಿಂದ ದುರುಗಣ್ಣ ನಿಶ್ಚಿಂತೆಯಿಂದ ಹೂಕುಂಡ ಜೋಡಿಸುತ್ತಿದ್ದ.

ಮೊದಲ ದಿನ ಸಂಜೆ ಐದೂವರೆಗೆ, ಮಿಕ್ಕ ಕುಂಡ ಇಟ್ಟು ಬರಲು ಹಿಂದಕ್ಕೆ ಹೋದವನು ಅಲ್ಲೇ ನಿಂತುಬಿಟ್ಟ. ಆಲದ ಬುಡದಲ್ಲಿ ಸಿರಿಗೇರಿಯ ಭತ್ತದ ಹುಲ್ಲಿನ ಗೋದಲಿ. ಅದರ ಮುಂದೆ ಮಕ್ಕಳಿಗೆ ಮೂರು ಸಾಲು ಬೆಂಚು. ಆಚೀಚೆ ಎರಡು ಫೋಕಸ್ ಲೈಟು, ಎರಡರ ಮೂತಿಯೂ ನೆಟ್ಟಗೆ ಮೇಲಕ್ಕೆ. ಸಿರುಗುಪ್ಪದ ಲೈಟಿನ ಎರ್ರಿ ಪ್ಲಗ್ಗಿಗೆ ಟೇಪು ಸುತ್ತುತ್ತಿದ್ದ.

"ಲೇ ಎರ್ರಿ, ಇದೆಲ್ಲ ಮುಂದ ಅಲ್ಲೇನು?"

"ಮುಂದ ಗಾಳಿಗೆ ಹುಲ್ಲು ಹಾರಾಕತ್ತಿತ್ತು ಮಾವ. ಮೇಡಂ ಇಲ್ಲಿ ಹಾಕು ಅಂದ್ರು. ಜೋತಾಡೋ ಬೇರು ಫೋಟೋದಾಗ ಚಲೋ ಬರತಾವಂತ."

"ಈ ಲೈಟ್ ಹಚ್ಚಬ್ಯಾಡ."

"ಯಾಕ?"

ದುರುಗಣ್ಣ ಬಾಯಿ ತೆರೆದ. ಮೂವತ್ತೊಂದು ವರ್ಷದ ರೂಢಿ ಅದನ್ನು ಮುಚ್ಚಿತು. "ಮರಕ್ಕ ಆಗಂಗಿಲ್ಲ."

"ಯಾಕ, ನಿನ್ ಮರಕ್ಕ ಕಣ್ಣು ನೋಯ್ತಾವೇನು? ಆರೂವರೆಗೆ ಮುಂದ ಮುಖ್ಯ ಅತಿಥಿ ಒಂದ ಸ್ವಿಚ್ ಒತ್ತತಾರ, ನಕ್ಷತ್ರದಿಂದ ಇಲ್ಲೀತನಕ ಎಲ್ಲಾ ಒಮ್ಮಿಗೇ ಹತ್ತತೈತಿ. ಬ್ಯಾಡ ಅನ್ನೋದಿದ್ರ ಮೇಡಂಗೆ ಹೇಳು."

ಹೇಮಾ ವರಾಂಡದಲ್ಲಿ ತಿಪ್ಪೇಸ್ವಾಮಿಗೆ ಗಡ್ಡ ಅಂಟಿಸುತ್ತಿದ್ದರು. ದುರುಗಣ್ಣ ದಾರಿಯುದ್ದಕ್ಕೂ ಯೋಚಿಸಿ ಒಂದು ಸುಳ್ಳು ತಂದಿದ್ದ.

"ಮೇಡಂ, ಹಿಂದ ಲೈಟ್ ಬ್ಯಾಡ್ರಿ. ಆ ಮರದಾಗ ದೆವ್ವ ಐತಿ."

ಹೇಮಾ ಅವರ ಮುಖ ಅರಳಿತು. "ಹೌದಾ? ಯಾರ್ದು, ಬಂಗಲಿ ಕಟ್ಟಿದ ದೊರೀದಾ? ಇಷ್ಟು ದಿನ ಯಾಕ ಹೇಳಿಲ್ಲ ದುರುಗಣ್ಣ? ಮೈಕಿನಾಗ ಹೇಳಸ್ತೀನಿ ತಡೀರಿ. ಇನ್ನೆರಡು ಲೈಟ್ ಹಾಕಿಸಿದ್ರ ಹೆಂಗ?"

ಅವನು ಹಿಂದಕ್ಕೆ ಬಂದ. ಅಷ್ಟರಲ್ಲಿ ಶಾಲೆಯ ಬಸ್ಸು ಬಂದು, ಬೆನ್ನಿಗೆ ಕಾಗದದ ರೆಕ್ಕೆ ಕಟ್ಟಿಕೊಂಡ ಮಕ್ಕಳು ಬೆಂಚು ಹತ್ತಿ ನಿಂತಿದ್ದರು. ಆರು ಇಪ್ಪತ್ತು. ಮೇಲೆ ಹುಟ್ಟು ಕತ್ತಲಲ್ಲಿ ಇನ್ನೂ ಕಪ್ಪಗೆ, ಒದ್ದೆ ಕಂಬಳಿ ಒಣಹಾಕಿದಂತೆ ಜೋತಿತ್ತು. ಅದರ ನೇರ ಕೆಳಗೆ ಮೂರನೇ ಸಾಲಿನ ಮಗುವೊಂದು ಚಡ್ಡಿ ಏರಿಸಿಕೊಳ್ಳುತ್ತಿತ್ತು.

ದುರುಗಣ್ಣ ಓಡಿದ. ಆ ತೋಟದಲ್ಲಿ ಅವನು ಓಡಿದ್ದನ್ನು ಯಾರೂ ಕಂಡವರಿಲ್ಲ.

"ಮೇಡಂ, ದೆವ್ವ ಸುಳ್ಳು. ಹೆಜ್ಜೇನು ಐತಿ. ಮಕ್ಕಳ ನೆತ್ತಿ ಮ್ಯಾಲೇ ಐತಿ. ಲೈಟ್ ಬಿತ್ತಂದ್ರ ಇಳೀತಾವ."

"ಯಾವಾಗಿಂದ?"

"ಮೂರು ವಾರಾತ್ರಿ."

ಹೇಮಾ ಬೈಯಲಿಲ್ಲ. ಬೈಯಲು ಹೊತ್ತೂ ಇರಲಿಲ್ಲ. ಮುಖ್ಯ ಅತಿಥಿಯ ಕಾರು ಒಳಗೆ ಬಂದಾಗಿತ್ತು, ಎರ್ರಿ ಹಾರ ಹಿಡಿದ ಗುಂಪಿನಲ್ಲಿ ಸಿಕ್ಕಿಬಿದ್ದಿದ್ದ. "ಅವ್ರನ್ನ ಎರಡು ನಿಮಿಷ ಮಾತಾಡಸ್ರಿ" ಎಂದು ಸಾಂತಾನನ್ನು ಗುಂಪಿಗೆ ನೂಕಿ, ಹೇಮಾ ಚಪ್ಪಲಿ ಬಿಟ್ಟು ಹಿಂದಕ್ಕೆ ನಡೆದರು. "ಸಪ್ಪಳ ಮಾಡದಂಗ ಮುಂದ ಹೋದೋರಿಗೆ ಕೇಕು" ಎಂದು ಪಿಸುಗುಟ್ಟಿದರು. ನಲವತ್ತು ಮಕ್ಕಳು ಬೆಕ್ಕಿನಂತೆ ಇಳಿಯತೊಡಗಿದರು.

ದುರುಗಣ್ಣ ಮರದ ಬುಡಕ್ಕೆ ತೆವಳಿದ. ಮೊದಲ ಪ್ಲಗ್ಗು ಬಂತು. ಎರಡನೆಯದಕ್ಕೆ ಎರ್ರಿ ಸುತ್ತಿದ ಟೇಪು ಆನೆ ಎಳೆದರೂ ಬಾರದಂತಿತ್ತು. ಮುಂದಿನಿಂದ ಮೈಕು ಹತ್ತು, ಒಂಬತ್ತು, ಎಂಟು ಎಂದು ಎಣಿಸತೊಡಗಿತು. ಅವನು ಟೇಪನ್ನು ಹಲ್ಲಿನಿಂದ ಹರಿದ. ಕೊನೆಯ ಸಾಲು ಮೂಲೆ ತಿರುಗಿತು. ಮೂರು, ಎರಡು. ಎರಡು ಕೈಯಲ್ಲೂ ಹಿಡಿದು ಹಿಂದಕ್ಕೆ ಬಿದ್ದ.

ಲೈಟು ಒಂದು ಸಲ ಕಣ್ಣು ಮಿಟುಕಿಸುವಷ್ಟು ಹತ್ತಿ, ಆರಿತು. ಅಷ್ಟರಲ್ಲೇ ಹುಟ್ಟಿನ ಮೇಲೆ ಒಂದು ಅಲೆ ಮೇಲಿನಿಂದ ಕೆಳಗೆ ಓಡಿದ್ದನ್ನು ಅವನು ಕಂಡ. ಮುಂದೆ ಚಪ್ಪಾಳೆ. ಅವನು ಅಂಗಾತ, ಅಲುಗದೆ ಬಿದ್ದುಕೊಂಡ. ನಾಲ್ಕೈದು ಹುಳ ಇಳಿದವು. ಒಂದು ಹುಬ್ಬಿಗೆ ಚುಚ್ಚಿತು, ಇನ್ನೊಂದು ಕಿವಿಗೆ. ಹೊಡೆದುಕೊಂಡರೆ ಇಡೀ ಹುಟ್ಟೇ ಇಳಿಯುತ್ತದೆಂದು ಕೈಯನ್ನು ಸೊಂಟದಡಿ ಹಾಕಿಕೊಂಡ. ಮಕ್ಕಳು ಮುಂದಿನ ಮೆಟ್ಟಿಲ ಮೇಲೆ ಮೂರು ಹಾಡು ಹಾಡಿದರು. ಮೂರನೆಯದು ಮುಗಿಯುವ ಹೊತ್ತಿಗೆ ಮೇಲಿನ ಗುಂಯ್ ಸದ್ದು ನಿಂತಿತು.

"ದುರುಗಣ್ಣ, ಅದೀರೇನು?" ದೂರದಿಂದ ಹೇಮಾ ಮೆಲ್ಲಗೆ ಕೇಳಿದರು.

"ಅದೀನ್ರಿ."

ವರಾಂಡದಲ್ಲಿ ತಿಪ್ಪೇಸ್ವಾಮಿ ಗಡ್ಡ ಕೊರಳಿಗಿಳಿಸಿ, ಕೆಂಪಂಗಿಯ ಜೇಬಿನಿಂದ ತನ್ನ ತಂಬಾಕಿನ ಸುಣ್ಣ ತೆಗೆದು ದುರುಗಣ್ಣನ ಹುಬ್ಬಿಗೆ ಹಚ್ಚಿದ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು.

"ನಾಳಿ ಸುಡೋರನ್ನ ಕರಸ್ಲೇನು?" ಹೇಮಾ ಕೇಳಿದರು.

ನೀವು ಹೇಳಿದಂಗ್ರಿ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. "ಬ್ಯಾಡ್ರಿ" ಎಂದ. "ಹಿಂದಿನ ಗೇಟಿಗೆ ಕೀಲಿ ಹಾಕಿದ್ರ ಸಾಕು. ವಾರಪೂರ್ತಿ ನಾನೇ ಕಾಯ್ತೀನಿ."

ಹೇಮಾ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ಕೊಟ್ಟರು. "ಮತ್ತೇನಾದರೂ ಮುಚ್ಚಿಟ್ಟಿದ್ರ ಈಗ ಹೇಳಿಬಿಡ್ರಿ."

ದುರುಗಣ್ಣ ಒಂದೇ ಕಣ್ಣಲ್ಲಿ ಅವರ ತಲೆಯ ಮೇಲೆ ಬಿರುಕು ಬಿಟ್ಟಿದ್ದ ಗಾರೆಯ ಸಜ್ಜಾವನ್ನು ನೋಡಿದ.

"ಮೊದ್ಲು ಸ್ವಲ್ಪ ಈ ಕಡಿ ಸರಕೊಂಡು ಕುಂದರ್ರಿ ಮೇಡಂ" ಎಂದ. "ಆಮ್ಯಾಲೆ ಹೇಳ್ತೀನಿ."