ನೀಲಮ್ಮತ್ತಿಯ ಕಂಪ್ಯೂಟರಿನಲ್ಲಿ ಎಲ್ಲರದೂ ಒಂದೇ ಬಣ್ಣ

ಆಳಂದದಲ್ಲಿ ನಮ್ಮ ಪಕ್ಕದ ಮನೆಯ ಪಡಸಾಲೆ. ಗೋಡೆಗೆ ಹೊಂದಿಸಿದ ಬೆಂಚಿನ ಮೇಲೆ ಕನ್ಯೆ ಹುಡುಕಿ ಬಂದ ಹುಡುಗನ ತಾಯಿ, ತಂದೆ, ಸೋದರಮಾವ, ತುದಿಗೆ ನಾಚಿಕೊಂಡು ಹುಡುಗ. ಎದುರಿಗೆ ಮೇಜು, ಅದರ ಮೇಲೆ ಕಂಪ್ಯೂಟರ್, ಮೌಸ್ ಹಿಡಿದು ನಾನು. ಬೆಂಚಿಗೂ ಮೇಜಿಗೂ ನಡುವೆ ತಗ್ಗು ಮಣೆಯ ಮೇಲೆ ಆ ಮನೆಯ ನೀಲಮ್ಮತ್ತಿ, ಕಂಪ್ಯೂಟರಿಗೆ ಬೆನ್ನು ಮಾಡಿ. ಪರದೆಯ ಮೇಲೆ ಒಂದಾದ ಮೇಲೊಂದು ಕನ್ಯೆಯರ ಫೋಟೋ ಬರುತ್ತಿದ್ದರೆ ಆಕೆ ಒಮ್ಮೆಯೂ ಹೊರಳಿ ನೋಡುತ್ತಿರಲಿಲ್ಲ.

"ಫೋಟೋ ನಾ ಯಾಕ ನೋಡ್ಲಿ? ಹುಡುಗ್ಯಾರಿಗೇ ನೋಡೀನಿ. ನೋಡೋರ ಮಾರಿ ನೋಡಬೇಕು ಬೇ. ಬಾಯಿ ಸುಳ್ಳ ಹೇಳ್ತದ, ಹುಬ್ಬು ಹೇಳಂಗಿಲ್ಲ" ಅನ್ನುತ್ತಿದ್ದಳು.

ಹುಬ್ಬು ಓದುವ ಈ ವಿದ್ಯೆಯಿಂದಲೇ ಆಕೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮ್ಮ ಮಂದಿಯಲ್ಲಿ ಎಷ್ಟೋ ಬೀಗತನ ಕೂಡಿಸಿದ್ದಳು. ಕೈಚೀಲ ಹಿಡಿದು ಬಸ್ ಹತ್ತಿದರೆ ನಿಂಬರ್ಗಾದಿಂದ ಅಂದೋಲಾದ ತನಕ ಯಾರ ಮನೆಯಲ್ಲಿ ಕನ್ಯೆ ಇದ್ದಾಳೆ, ಯಾರ ಮನೆಯ ಅತ್ತೆ ಬಾಯಿಬಡಕಿ, ಎಲ್ಲ ಬಾಯಿಪಾಠ. ಮದುವೆಯಾದರೆ ಒಂದು ಸೀರೆ, ಕುಬಸದ ಕಣ. ಅಷ್ಟೇ ಆಕೆಯ ಆಸೆ. ಗಂಡ ಬೇಗ ತೀರಿಕೊಂಡಿದ್ದ, ಇದ್ದೊಬ್ಬ ಮಗಳು ಗುಲಬರ್ಗಾದಲ್ಲಿದ್ದಳು. ಮೊಣಕಾಲು ಹಿಡಿದು ತಿರುಗಾಟ ನಿಂತಾಗ ಅಳಿಯ ತನ್ನ ಆಫೀಸಿನಲ್ಲಿ ತೆಗೆದುಹಾಕಿದ ಹಳೆಯ ಕಂಪ್ಯೂಟರೊಂದನ್ನು ತಂದುಕೊಟ್ಟ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಗುಲಬರ್ಗಾಕ್ಕೆ ಹೋಗಿ ಕಂಪ್ಯೂಟರ್ ಕೋರ್ಸ್ ಮಾಡಿ ಸುಮ್ಮನೆ ಕೂತಿದ್ದೆ. ಅಲ್ಲಿಯ ಸ್ಟುಡಿಯೋದಲ್ಲಿ ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ ಫ್ಲಾಪಿಯಲ್ಲಿ ತರುವುದು, ಬಂದವರಿಗೆ ತೋರಿಸುವುದು ನನ್ನ ಕೆಲಸವಾಯಿತು.

ಆ ಕಂಪ್ಯೂಟರಿನದೊಂದು ಗುಣವಿತ್ತು. ಅದರೊಳಗಿನ ಡಿಸ್‌ಪ್ಲೇ ಕಾರ್ಡಿಗೆ ಬಣ್ಣಗಳು ಕಡಿಮೆ. ಹಾಲಿನಂಥ ಹುಡುಗಿ ಇರಲಿ, ಕೆಂಡದಂಥವಳಿರಲಿ, ನನ್ನ ಒಡಹುಟ್ಟಿದ ಅಕ್ಕ, ಮಾದೇವಿಯಂಥ ಅಚ್ಚ ಕಪ್ಪು ಹುಡುಗಿ ಇರಲಿ, ಪರದೆಯ ಮೇಲೆ ಬಂದ ಕೂಡಲೇ ಎಲ್ಲರದೂ ಹೂರಣದ ಬಣ್ಣ. ನೋಡುವವರು ಬಣ್ಣ ಬಿಟ್ಟು ಕಣ್ಣು, ಮೂಗು, ಓದು, ಮನೆತನ ಕೇಳುತ್ತಿದ್ದರು. ಪಸಂದ ಬಂದರೆ ಹುಡುಗಿಯ ಮನೆಗೆ ಹೋಗುತ್ತಿದ್ದರು. ಅಲ್ಲಿ ಬಣ್ಣ ಗೊತ್ತಾಗುವಷ್ಟರಲ್ಲಿ ಚಹಾ ಕುಡಿದು ಆಗಿರುತ್ತಿತ್ತು. "ಒಬ್ಬರ ಮನಿ ಚಹಾ ಕುಡದ ಮ್ಯಾಲ ಮನಸ್ಸು ಮೆತ್ತಗಾಗ್ತದ" ಅನ್ನುವುದು ಅತ್ತಿಯ ಲೆಕ್ಕ.

ಒಮ್ಮೆ ಜೇವರ್ಗಿಯ ತಾಯಿಯೊಬ್ಬಳು ಸಿಟ್ಟಿನಿಂದ ಹೊಳ್ಳಿ ಬಂದಳು. "ಏನ್ರಿ ನೀಲಮ್ಮ, ಮಷಿನ್ಯಾಗ ಒಂದು ಬಣ್ಣ, ಮನ್ಯಾಗ ಒಂದು ಬಣ್ಣ! ಇದೇನು ಮೋಸ?"

"ಮೋಸ ಹ್ಯಾಂಗಾಗ್ತದ್ರಿ ಅಕ್ಕಾರ? ನಿಮ್ಮ ಹುಡುಗನ ಫೋಟೋನೂ ಅವರಿಗೆ ಇದೇ ಮಷಿನ್ಯಾಗ ತೋರ್ಸೀನಿ. ಅವರೇನರ ಜಗಳಕ್ಕ ಬಂದಾರೇನು?"

ಜೇವರ್ಗಿಯ ತಾಯಿಗೆ ನಗು ತಡೆಯಲಾಗಲಿಲ್ಲ. ಆ ಮದುವೆ ಆಗಿಯೇ ಹೋಯಿತು.

ಹೀಗೆ ನಡೆದಿದ್ದಾಗ ಪರದೆ ಇದ್ದಕ್ಕಿದ್ದಂತೆ ಕಪ್ಪಾಗತೊಡಗಿತು. ಒಂದೊಂದು ಸಲ ತಾನೇ ಹೊಳ್ಳಿ ಬರುತ್ತಿತ್ತು, ಒಂದೊಂದು ಸಲ ಬರುತ್ತಿರಲಿಲ್ಲ. ಅದೂ ಎಂಥ ಹೊತ್ತಿನಲ್ಲಿ! ಬರುವ ರವಿವಾರ ಅಫಜಲಪುರದ ಒಳ್ಳೆಯ ಮನೆತನದವರು ನಮ್ಮ ಅಕ್ಕನ ಫೋಟೋ ನೋಡಲು ಬರುವವರಿದ್ದರು. ಅಕ್ಕನಿಗೆ ಅದಾಗಲೇ ಹಲವು ಸಂಬಂಧ ತಪ್ಪಿದ್ದವು. ಗುಲಬರ್ಗಾದಿಂದ ಮೆಕ್ಯಾನಿಕ್ ಇಕ್ಬಾಲನನ್ನು ಕರೆಸಿದೆವು. ಡಬ್ಬಿ ಬಿಚ್ಚಿ ನೋಡಿದ.

"ಅಮ್ಮಾ, ಕಾರ್ಡ್ ಹೋಗಾಕತ್ತದ. ಇವತ್ತೋ ನಾಳೆನೋ, ಖುದಾನೇ ಬಲ್ಲ. ಹೊಸಾದು ಹಾಕಿದ್ರ ಬಣ್ಣ ಖರೇ-ಖರೇ ಬರ್ತಾವ. ಮಂದಿ ಹ್ಯಾಂಗದಾರ, ಹಾಂಗ."

ಅತ್ತಿಯ ಮುಖ ಇಳಿಯಿತು. "ಹಿಂದಿನ ಬಣ್ಣಾನೇ ಬರೋ ಕಾರ್ಡ್ ಸಿಗಂಗಿಲ್ಲೇನೋ ಇಕ್ಬಾಲಾ?"

"ಏನಮ್ಮಾ ನೀವು! ಎಲ್ಲರೂ ಬಣ್ಣ ಬೇಕಂತ ಬಡಕೋತಾರ, ನೀವು ಬ್ಯಾಡಂತೀರಿ. ಬೇಕಂದ್ರ ಹೊಸಾದ್ರಾಗೇ ಬಣ್ಣ ಕಮ್ಮಿ ಮಾಡಿ ಇಡ್ತೀನಿ. ಎರಡು ಮಿನಿಟಿನ ಕೆಲಸ."

"ಛೇ, ಅದು ಮೋಸ ಆಗ್ತದ. ಹಳೇದು ತಾನೇ ಹಾಂಗ ತೋರಿಸ್ತಿತ್ತು, ನಾವು ಮಾಡಿದ್ದಲ್ಲ."

ಇಕ್ಬಾಲ ನನ್ನ ಮುಖ ನೋಡಿದ. ಈ ನ್ಯಾಯ ನನಗೂ ಪೂರ್ತಿ ತಿಳಿಯಲಿಲ್ಲ. ಆದರೆ ಅತ್ತಿಗೆ ಅದು ಗೆರೆ ಕೊರೆದಷ್ಟು ಸ್ಪಷ್ಟವಿತ್ತು. ವಿಚಾರ ಮಾಡಿ ಹೇಳುತ್ತೇವೆಂದು ಅವನನ್ನು ಕಳಿಸಿದೆವು.

ಆ ವಾರವೆಲ್ಲ ಅತ್ತಿಗೆ ಅನ್ನ ರುಚಿಸಲಿಲ್ಲ. ಮೊಣಕಾಲು ತಿಕ್ಕಿಕೊಳ್ಳುತ್ತ ಅದನ್ನೇ ಎತ್ತುತ್ತಿದ್ದಳು. "ಹಳೇದೇ ಇಟ್ಟೆವು ಅನ್ನು. ಮಾದೇವಿ ಮಾರಿ ಬಂದ ಗಳಿಗ್ಯಾಗೇ ಪರದೆ ಕಪ್ಪಾತು ಅಂದ್ರ? ಅಪಶಕುನ ಅಂತ ಚಪ್ಪಲಿ ಮೆಟ್ಟಿ ನಡೀತಾರ. ಹೊಸಾದು ಹಾಕಿಸಿದ್ರ ಬಣ್ಣ ನೋಡಿ ನಡೀತಾರ. ಯಾವ ಕಡೆ ಹೋಗ್ಲಿ ಬೇ?" ನಮ್ಮ ಅವ್ವನದು ಒಂದೇ ಹಟ: "ಹಳೇದೇ ಇರ್ಲಿ ನೀಲವ್ವ. ದೇವರ ಮ್ಯಾಲ ಭಾರ ಹಾಕು. ನನ್ನ ಮಗಳದೊಂದು ಆಗ್ಲಿ, ಆಮ್ಯಾಲ ಏನರ ಮಾಡ್ಕೋ." ನಾನು ದಿನಾ ಕಂಪ್ಯೂಟರ್ ಹಚ್ಚಿ, ಉಸಿರು ಹಿಡಿದು ಅಕ್ಕನ ಫೋಟೋ ತೆರೆದು ನೋಡುತ್ತಿದ್ದೆ. ಒಂದು ದಿನ ನಿಲ್ಲುತ್ತಿತ್ತು, ಒಂದು ದಿನ ಇಲ್ಲ.

ಶುಕ್ರವಾರ ಅಕ್ಕ ಹೊಲಿಗೆ ಕ್ಲಾಸು ಮುಗಿಸಿಕೊಂಡು ನೆಟ್ಟಗೆ ಅತ್ತಿಯ ಮನೆಗೆ ಬಂದಳು. ತನ್ನ ಮದುವೆಯ ಮಾತಿನಲ್ಲಿ ಅವಳು ಬಾಯಿ ಹಾಕಿದವಳೇ ಅಲ್ಲ.

"ಅತ್ತಿ, ಕಾರ್ಡ್ ಹಾಕಿಸ್ರಿ."

"ಹಂಗಲ್ಲ ಮಾದಿ, ನಿನ್ನ ಒಳ್ಳೇದಕ್ಕೇ…"

"ಇಲ್ಲಿ ಅವರ ಮಾರಿ ನೀವು ನೋಡ್ತೀರಿ. ನಮ್ಮ ಮನಿ ಹೊಸ್ತಿಲಾ ದಾಟಿದ ಕೂಡಲೆ ಅದೇ ಮಾರಿ ಹ್ಯಾಂಗಾಗ್ತದ, ಅದನ್ನ ನಾ ನೋಡ್ತೀನಿ. ಚಹಾದ ತಾಟು ಹಿಡ್ಕೊಂಡು. ನನಗ ಇನ್ನ ಆಗಂಗಿಲ್ಲ ಅತ್ತಿ. ಬ್ಯಾಡನ್ನೋರು ಇಲ್ಲೇ ಬ್ಯಾಡಂದು ಹೋಗ್ಲಿ."

ಅತ್ತಿ ನನ್ನ ಕಡೆ ತಿರುಗಿ, "ಇಷ್ಟು ದಿನ ಹುಡುಗ್ಯಾರಿಗೆ ಒಳ್ಳೇದು ಮಾಡಾಕತ್ತೀನಿ ಅನ್ಕೊಂಡಿದ್ದೆನಲ್ಲ ಬೇ" ಅಂದಳು. ಹೋಗಿ ಇಕ್ಬಾಲನಿಗೆ ಫೋನ್ ಮಾಡು ಅಂದಳು.

ಶನಿವಾರ ಅವನು ಕಾರ್ಡ್ ಕೂಡಿಸಿ ಸ್ವಿಚ್ ಒತ್ತಿದ. ಪರದೆ ಕಪ್ಪು. ಬಿಚ್ಚಿದ, ಒರೆಸಿದ, ಮತ್ತೆ ಕೂಡಿಸಿದ. ಆಗಲೂ ಕಪ್ಪು. ಮುದಿ ಮಷಿನ್ನು ಒಪ್ಪುತ್ತದೋ ಇಲ್ಲವೋ ಅನ್ನಿಸಿತು. ಅವನು ಕಾರ್ಡನ್ನು ಪಕ್ಕದ ಸಂದಿಗೆ ಬದಲಿಸಿ ಹಾಕಿದಾಗ ಒಮ್ಮೆಲೇ ಬೆಳಕು ಬಂತು, ಬೆಳಕಿನ ಹಿಂದೆ ಬಣ್ಣ ಬಂತು. ಅತ್ತಿ ಮೊದಲ ಸಲ ಮಣೆ ತಿರುಗಿಸಿಕೊಂಡು ಕೂತಳು. ಒಬ್ಬೊಬ್ಬಳನ್ನೇ ತೋರಿಸು ಅಂದಳು. "ಅಯ್ಯ, ಇಕಿ ಸೀರಿ ಹಸರಿತ್ತೇನು? ಈ ಕೂಸಿನ ಗಲ್ಲದ ಮಚ್ಚಿ ಮಷಿನ್ಯಾಗ ಎಲ್ಲಿ ಅಡಗಿತ್ತು?" ಅಕ್ಕನ ಫೋಟೋ ಬಂದಾಗ ಮಾತ್ರ ಸೆರಗಿನಿಂದ ಪರದೆಯ ಧೂಳು ಒರೆಸಿದಳು.

ರವಿವಾರ ಅಫಜಲಪುರದವರು ಬಂದರು. ಅತ್ತಿ ಮತ್ತೆ ಬೆನ್ನು ಮಾಡಿ ಕೂತಿದ್ದಳು. ಅಕ್ಕನ ಫೋಟೋ ತೆರೆದೆ. ಹುಡುಗನ ತಾಯಿಯ ಹುಬ್ಬು ಗಂಟಿಕ್ಕಿದ್ದು ನನಗೂ ಕಂಡಿತು.

"ಹುಡುಗಿ ಕಪ್ಪದಾಳಲ್ರಿ."

"ಹೌದ್ರಿ, ಕಪ್ಪೇ ಅದಾಳ" ಅಂದಳು ಅತ್ತಿ. "ಹೊಲಾ ಕೊಳ್ಳಾಗ ಮಾತ್ರ ಕರೀ ಎರಿ ಮಣ್ಣೇ ಬೇಕಂತೀರಿ, ಅಲ್ಲೇನ್ರಿ?"

ಸೋದರಮಾವ ಹೋ ಎಂದು ನಕ್ಕ. ತಾಯಿಯೂ ನಕ್ಕಳು, ಆದರೆ ನಗುತ್ತಲೇ ಎದ್ದಳು. ಅವರು ನಮ್ಮ ಮನೆಯ ಕಡೆ ತಿರುಗಲೇ ಇಲ್ಲ, ಬಸ್ ಸ್ಟ್ಯಾಂಡಿನ ದಾರಿ ಹಿಡಿದರು.

ಸುದ್ದಿ ಹೇಳಲು ಮನೆಗೆ ಹೋದೆ. ಅಕ್ಕ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ನನ್ನ ಮುಖ ನೋಡಿದವಳೇ ಒಳಗೆ ಹೋಗಿ ನೂಲಿನ ಸೀರೆ ಉಟ್ಟು ಬಂದಳು. ಅವ್ವ ಒಲೆಯ ಮುಂದೆ ಕಣ್ಣೊರೆಸುತ್ತಿದ್ದಳು. ಅಕ್ಕ ಬೀಗರಿಗೆಂದು ಮಾಡಿದ ಚುರಮುರಿ ಸೂಸಲವನ್ನು ತಾಟಿಗೆ ಬಡಿಸಿಕೊಂಡು ಹೊಟ್ಟೆ ತುಂಬ ತಿಂದಳು. ಸಂಜೆ ಅತ್ತಿ ಕುಂಟುತ್ತ ಬಂದು ಬಾಗಿಲಲ್ಲೇ ನಿಂತಳು. ಅಕ್ಕ ಕೈಹಿಡಿದು ಕರೆತಂದು ಆಕೆಗೂ ಬಡಿಸಿದಳು. ಅತ್ತಿ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಕಮ್ಮಿ ಆಗ್ಯದ. ಚಲೋ ಆತು, ಅವರು ಬರಲಿಲ್ಲ" ಅಂದಳು. ಅವ್ವನಿಗೂ ನಗು ಬಂತು.

ಆಮೇಲೆಯೂ ಹಲವರು ಬೆಂಚಿನಿಂದಲೇ ಎದ್ದು ಹೋದರು. ಚಳಿಗಾಲದಲ್ಲಿ ಅತನೂರಿನ ಒಂದು ಮನೆತನದವರು ಬಂದು ಫೋಟೋ ನೋಡಿದರು, ನೋಡಿ ಮನೆಗೂ ಬಂದರು. ಹೊಸ್ತಿಲು ದಾಟುವಾಗ ಯಾರ ಮುಖವೂ ಬದಲಾಗಲಿಲ್ಲ. ಹುಡುಗನ ತಾಯಿ, "ತಾಟು ಇತ್ತ ಕೊಡು, ನೀನೂ ಕೂಡು ಬಾ ಯವ್ವ" ಅಂದಳು. ಬೇಸಿಗೆಯಲ್ಲಿ ಮದುವೆಯಾಯಿತು.

ಮರುವರ್ಷ ಮಳೆಗಾಲದಲ್ಲಿ ನೀಲಮ್ಮತ್ತಿ ತೀರಿಹೋದಳು. ಗುಲಬರ್ಗಾದಿಂದ ಮಗಳು ಬರುವುದಕ್ಕೂ ಮೊದಲೇ ಅಕ್ಕ ಅತನೂರಿನಿಂದ ಬಂದು ಮುಟ್ಟಿದ್ದಳು. ಜಳಕ ಮಾಡಿಸಿ ಗೋಡೆಗೆ ಆನಿಸಿ ಕೂಡಿಸಿದ್ದ ಅತ್ತಿಯ ಹಣೆಗೆ ವಿಭೂತಿ ಹಚ್ಚಿದವಳು ಅಕ್ಕನೇ.