ವಾಪಸ್ ಓಡಿದವಳ ಗ್ರೇಡು

ತುಂಗಾ ಅತ್ತಿಗೆ ಪುರಸೈವಾಕ್ಕಂನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುವ ಟೀಚರು. ಅದೇ ಶಾಲೆಯ ಆಫೀಸಿನಲ್ಲಿ ನಾನು ಗುಮಾಸ್ತೆ. ಮನೆಯಲ್ಲಿ ಅಣ್ಣನ ಹೆಂಡತಿ, ಶಾಲೆಯಲ್ಲಿ ಮಿಸ್. ಎರಡು ಕಡೆಯೂ ಅವರ ಬಾಯಿಗೆ ಹೆದರಿಕೊಂಡೇ ಬದುಕಿದವಳು ನಾನು. ಅಂಗಳದಲ್ಲಿ ನಿಂತು ಅವರು ತಮಿಳಿನಲ್ಲಿ "ಓಡುಂಗಡೀ!" ಎಂದು ಕೂಗಿದರೆ ರಸ್ತೆಯಾಚೆಯ ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸುತ್ತಿದ್ದವನ ಕೈ ನಿಂತುಬಿಡುತ್ತಿತ್ತು.

ಅದೆಲ್ಲ ಸಂಜೀವಣ್ಣ ಇದ್ದಾಗಿನ ಮಾತು. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಹಾಲು ತರಲು ಹೋದ ಅಣ್ಣ ಬೂತಿನ ಮುಂದೆಯೇ ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ. ನಾನು ಬಾಯಿ ಬಡಿದುಕೊಂಡು ಅತ್ತೆ. ಅತ್ತಿಗೆ ಅಳಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಕೊರಳಿಗೆ ವಿಷಲ್ ಹಾಕಿಕೊಂಡು ಶಾಲೆಗೆ ಹೊರಟರು. ಯಾರು ಏನು ಕೇಳಿದರೂ "ಪರವಾಯಿಲ್ಲ" ಎಂಬ ಒಂದೇ ಉತ್ತರ. ನೆಂಟರು "ಕಲ್ಲೆದೆ ಬಿಡು" ಅಂದರು. ನೆಂಟರಿಗೇನು, ಊಟ ಮಾಡಿ ಕೈತೊಳೆದು ಹೋಗುವವರು. ಜೊತೆಗಿದ್ದವಳು ನಾನು. ಅದು ಕಲ್ಲಲ್ಲ, ಬಹಳ ಹೊತ್ತು ಮಡಚಿ ಕೂತು ಜೋಮು ಹಿಡಿದ ಕಾಲಿನ ಥರ. ತನ್ನದೇ ಕಾಲು, ಮುಟ್ಟಿದರೆ ಗೊತ್ತಾಗುವುದಿಲ್ಲ. ಸಾರಿಗೆ ಉಪ್ಪು ಹಾಕದೆ ಬಡಿಸಿದರೂ ಸುಮ್ಮನೆ ಉಂಡು ಏಳುತ್ತಿದ್ದರು. ಅಂಗಳದಲ್ಲಿ ವಿಷಲ್ ಮಾತ್ರ ಊದುತ್ತಿದ್ದರು, ಕೂಗುತ್ತಿರಲಿಲ್ಲ.

ಗ್ರೇಡು ಕೊಡುವುದನ್ನು ಮಾತ್ರ ಬಿಟ್ಟಿರಲಿಲ್ಲ. ಪಂದ್ಯ ಮುಗಿದ ಮೇಲೆ ಪ್ರತಿ ಹುಡುಗಿಗೂ ಒಂದು ಗ್ರೇಡು, ಅದೂ ವಾಪಸ್ ಬರುವ ಬಸ್ಸಿನಲ್ಲೇ, ಸೀಟಿನ ಪಕ್ಕ ನಿಂತು, ಮುಖಕ್ಕೆ ಮುಖ ಕೊಟ್ಟು. "ಬೆವರು ಆರೋ ಮುಂಚೆ ಹೇಳಿದ್ರೆ ಗ್ರೇಡು, ಆಮೇಲೆ ಹೇಳಿದ್ರೆ ಚಾಡಿ" ಎನ್ನುವುದು ಅವರ ಮಾತು. ಎಷ್ಟು ಬುಟ್ಟಿ ಹಾಕಿದೆ ಎಂದು ಅವರು ನೋಡುವುದೇ ಇಲ್ಲ. ಚೆಂಡು ಕೈತಪ್ಪಿ ಎದುರಾಳಿಗೆ ಹೋದಾಗ ನೀನು ನಿನ್ನ ರಿಂಗ್ ಕಾಯಲು ವಾಪಸ್ ಓಡಿದೆಯಾ, ಇಲ್ಲ ಸೊಂಟಕ್ಕೆ ಕೈಯಿಟ್ಟು ನಿಂತೆಯಾ? ಅಷ್ಟೇ ಲೆಕ್ಕ. ಕೊನೆಯ ವಿಷಲ್‌ವರೆಗೂ ವಾಪಸ್ ಓಡಿದವಳಿಗೆ ಎ. ಹಾಗೆ ಓಡುವವರು ಯಾರೂ ಇರುವುದಿಲ್ಲವಾದ್ದರಿಂದ ಅವರ ಕೈಯಿಂದ ಎ ಪಡೆದವರೂ ಯಾರೂ ಇರಲಿಲ್ಲ. ಹೇಳಿದ ಗ್ರೇಡನ್ನು ತಂದೆತಾಯಿಯ ಫೋನಿಗೆ ಹೋಗುವ ಶಾಲೆಯ ಆಪ್‌ಗೆ ಹತ್ತಿಸುವುದು ನನ್ನ ಕೆಲಸ. ಬೈಗುಳದ ಫೋನು ಬರುವುದೂ ನನಗೇ.

ತಂಡದಲ್ಲಿ ಪ್ರಣಮ್ಯಾ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿ ಇದ್ದಳು. ಗಿಡ್ಡಗೆ, ಗುಂಡಗೆ. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಅವಳ ಅಪ್ಪ ಪ್ರವೀಣ್ ಉಡುಪಿ ಕಡೆಯವರು, ಶಾಲೆಯ ಹಿಂದಿನ ಗಲ್ಲಿಯಲ್ಲಿ ಹೋಟೆಲ್ ಇಟ್ಟಿದ್ದಾರೆ. ಸಂಜೀವಣ್ಣ ಶನಿವಾರದ ಸಂಜೆ ತಪ್ಪದೆ ಹೋಗುತ್ತಿದ್ದ ಹೋಟೆಲು ಅದು.

ಆ ಹೋಟೆಲಿನ ಗೋಳಿಬಜೆಯ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ಒಂದು ಶನಿವಾರ ಅಣ್ಣ ಗೋಳಿಬಜೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಏನ್ರೀ ಪ್ರವೀಣ್, ಇದನ್ನ ನೆಲಕ್ಕೆ ಹಾಕಿದ್ರೆ ಪುಟಿಯತ್ತೆ. ತುಂಗಾ ಟೀಮ್‌ಗೆ ಕೊಟ್ಬಿಡಿ" ಅಂದ. ಇಡೀ ಹೋಟೆಲು ನಕ್ಕಿತು. ಪ್ರವೀಣ್ ಅವರಿಗೆ ಮೊದಲೇ ಗೋಳಿಬಜೆ ಎಂದರೆ ತಲೆನೋವು. ಸಂಜೆ ಕಾಫಿಯ ಗಲಾಟೆಯಲ್ಲಿ ಅದಕ್ಕೇ ಒಂದು ಒಲೆ ಬಿಟ್ಟುಕೊಡಬೇಕು. ಬೇರೆಯವರಾಗಿದ್ದರೆ ಅವತ್ತೇ ಬೋರ್ಡಿನಿಂದ ಅಳಿಸುತ್ತಿದ್ದರು. ಇವರು ಅಳಿಸಲಿಲ್ಲ. ಹಿಟ್ಟು ಬದಲಿಸಿದರು, ಮೊಸರು ಹುಳಿ ಬರಿಸಿದರು, ವಾರಗಟ್ಟಲೆ ಒದ್ದಾಡಿದರು. ಕೊನೆಗೊಂದು ಶನಿವಾರ ಅಣ್ಣ ಎರಡನೇ ಪ್ಲೇಟು ಕೇಳಿ ತಿಂದ. ಮುಂದಿನ ಶನಿವಾರ ಹೋದರೆ ಬೋರ್ಡಿನಲ್ಲಿ ಗೋಳಿಬಜೆಯೇ ಇಲ್ಲ!

"ಈಗ ತಾನೇ ಚೆನ್ನಾಗಿ ಬಂತಲ್ರೀ!" ಎಂದು ಅಣ್ಣ ಜಗಳಕ್ಕೇ ನಿಂತ.

"ಅದಕ್ಕೇ ಸಾರ್" ಎಂದರು ಪ್ರವೀಣ್. "ಕೆಟ್ಟ ಹೆಸರು ಇರುವಾಗ ನಿಲ್ಲಿಸಿದ್ರೆ ಆ ಹೆಸರು ಹಾಗೇ ಉಳೀತದೆ. ಒಳ್ಳೆದುಂಟು ಅನ್ನಿಸ್ಕೊಂಡ ಮೇಲೆ ನಿಲ್ಲಿಸ್ಬೇಕು. ನನ್ನ ಅಪ್ಪನ ಕಾಲದಿಂದ ನಮ್ಮ ಹೋಟ್ಲಿನ ಕ್ರಮ ಅದು."

ಮನೆಗೆ ಬಂದು ಅಣ್ಣ ಅದನ್ನು ಪ್ರವೀಣ್ ಧಾಟಿಯಲ್ಲೇ ಆಡಿ ತೋರಿಸಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅತ್ತಿಗೆಯೂ ನಕ್ಕಿದ್ದರು.

ದಸರಾ ರಜೆಗೆ ಒಂದು ವಾರ ಮುಂಚಿನ ಶನಿವಾರ ಅಂಬತ್ತೂರಿನಲ್ಲಿ ಪಂದ್ಯವಿತ್ತು. ಗ್ರೇಡು ಬರೆದುಕೊಳ್ಳಲು ಎಂದಿನಂತೆ ನಾನೂ ಹೊರಟಿದ್ದೆ. ಬಸ್ಸಿಗೆ ಮಗಳನ್ನು ಹತ್ತಿಸಲು ಬಂದ ಪ್ರವೀಣ್ ಕಿಟಕಿಯ ಹತ್ತಿರ ನಿಂತು, "ಬರುವ ವರ್ಷ ಟೆಂತ್ ಅಲ್ವಾ ಟೀಚರೇ, ಆಟ ಬಿಡಿಸುವಾ ಅಂತ ಉಂಟು ನಂಗೆ. ಇವತ್ತಿನ ಗ್ರೇಡ್ ನೋಡಿ ಹೇಳ್ತೇನೆ" ಎಂದರು. ಅತ್ತಿಗೆ ತಲೆಯಾಡಿಸಿದರು. ಪ್ರಣಮ್ಯಾ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಅವಳಿಗೆ ಆಟವೆಂದರೆ ಪ್ರಾಣ. ಆಟಕ್ಕೆ ಅವಳೆಂದರೆ ಅಷ್ಟಕ್ಕಷ್ಟೇ, ಆ ಮಾತು ಬೇರೆ. ಗ್ರೇಡು ಕೆಟ್ಟರೆ ಹುಡುಗಿಯ ಆಟ ಅಲ್ಲಿಗೆ ಮುಗಿಯಿತು ಎಂದು ನಾನೂ ಅರ್ಥ ಮಾಡಿಕೊಂಡೆ, ಅತ್ತಿಗೆಯೂ ಅರ್ಥ ಮಾಡಿಕೊಂಡರು.

ಎದುರಾಳಿ ಶಾಲೆಯ ಅಂಗಳಕ್ಕೆ ಮೇಲೆ ಸೂರು, ಕೆಳಗೆ ಹೊಳೆಯುವ ಮರದ ನೆಲ. ನಮ್ಮ ಹುಡುಗಿಯರು ಬಿರುಕುಬಿಟ್ಟ ಸಿಮೆಂಟಿನ ಮೇಲೆ ಕಲಿತವರು, ಒಳಗೆ ಕಾಲಿಡುವಾಗಲೇ ಅರ್ಧ ಸೋತಿದ್ದರು. ಮೊದಲ ಕ್ವಾರ್ಟರಿಗೇ ಇಪ್ಪತ್ತೆರಡು–ಸೊನ್ನೆ. ನಮ್ಮ ಕ್ಯಾಪ್ಟನ್ ಕಯಲ್ ತಿರುತಿರುಗಿ ಬೆಂಚಿನ ಕಡೆ ನೋಡಿದಳು. ಟೈಮ್‌ಔಟ್ ಕೇಳಬೇಕು, ಹುಡುಗಿಯರನ್ನು ಕರೆದು ನಾಲ್ಕು ಬೈಯಬೇಕು, ಮೊದಲಿನ ಅತ್ತಿಗೆಯಾಗಿದ್ದರೆ ಅಷ್ಟೊತ್ತಿಗೆ ಸೂರು ಹಾರಿಹೋಗುತ್ತಿತ್ತು. ಈ ಅತ್ತಿಗೆ ತೊಡೆಯ ಮೇಲೆ ಎರಡು ಕೈಯಿಟ್ಟುಕೊಂಡು ಕೂತಿದ್ದರು. "ಅತ್ತಿಗೆ, ಟೈಮ್‌ಔಟ್" ಎಂದೆ. "ಹ್ಞೂ" ಎಂದರು. ಟೈಮ್‌ಔಟ್ ಮಾತ್ರ ಕೇಳಲಿಲ್ಲ. ನನಗೆ ಸಿಟ್ಟು ಬಂತು, ಹಿಂದೆಯೇ ಭಯವೂ ಆಯಿತು.

ಅರ್ಧ ಪಂದ್ಯ ಕಳೆಯುವಷ್ಟರಲ್ಲಿ ನಮ್ಮವರು ಓಡುವುದನ್ನೇ ನಿಲ್ಲಿಸಿದರು. ಚೆಂಡು ಹೋಯಿತಾ, ಹೋಗಲಿ. ಪ್ರಣಮ್ಯಾ ಒಬ್ಬಳು ನಿಲ್ಲಿಸಲಿಲ್ಲ. ಅವಳ ಕೈಯಿಂದ ಚೆಂಡು ಕಿತ್ತುಕೊಳ್ಳುವುದು ಮಗುವಿನ ಕೈಯಿಂದ ಬಿಸ್ಕತ್ತು ಕಿತ್ತಷ್ಟು ಸುಲಭವಿತ್ತು. ಪ್ರತಿ ಸಲವೂ ಕಿತ್ತುಕೊಂಡರು. ಪ್ರತಿ ಸಲವೂ ಅವಳು ತಿರುಗಿ, ಏದುಸಿರು ಬಿಡುತ್ತ ವಾಪಸ್ ಓಡಿ, ನಮ್ಮ ರಿಂಗಿನ ಕೆಳಗೆ ಎರಡು ಕೈ ಎತ್ತಿ ನಿಲ್ಲುತ್ತಿದ್ದಳು. ಚೆಂಡು ಅವಳ ತಲೆಯ ಮೇಲಿಂದ ಹೋಗಿ ಬುಟ್ಟಿಗೆ ಬೀಳುತ್ತಿತ್ತು. ಮತ್ತೆ ಅದೇ, ಮತ್ತೆ ಅದೇ. ಗ್ಯಾಲರಿಯಲ್ಲಿ ಕೂತ ಮಕ್ಕಳು ನಗಲು ಶುರುಮಾಡಿದರು. ಒಮ್ಮೆ ಮುಗ್ಗರಿಸಿ ಬಿದ್ದು ಮಂಡಿ ತರಚಿಕೊಂಡಳು, ಎದ್ದು ಓಡಿದಳು. ಸಾಕು ಬಿಡೇ ತಾಯಿ, ಯಾರಿಗೋಸ್ಕರ ಎಂದು ಗೊಣಗಿಕೊಂಡೆ. ಅತ್ತಿಗೆಯ ಕಡೆ ನೋಡಿದೆ. ಕೈ ತೊಡೆಯ ಮೇಲೇ ಇತ್ತು, ಕಣ್ಣು ಮಾತ್ರ ಆ ಹುಡುಗಿಯ ಜೊತೆ ಆ ತುದಿಯಿಂದ ಈ ತುದಿಗೆ ಹೋಗಿ ಬರುತ್ತಿತ್ತು.

ಎಪ್ಪತ್ನಾಲ್ಕು–ಎಂಟಕ್ಕೆ ಸೋತು ಬಸ್ಸು ಹತ್ತಿದೆವು. ಬಸ್ಸು ಅಂಬತ್ತೂರಿನ ಕಾರ್ಖಾನೆಗಳ ಸಾಲು ದಾಟುವಾಗ ಅತ್ತಿಗೆ ಕಂಬಿ ಹಿಡಿದುಕೊಂಡು ಎದ್ದರು. ಮೊದಲು ಕಯಲ್.

"ಸಿ."

"ಮಿಸ್, ನಾನ್ ದಾನೇ ಸ್ಕೋರ್ ಪಣ್ಣೇನ್!" ಕಯಲ್ ಕಣ್ಣಲ್ಲಿ ನೀರು. ಎಂಟರಲ್ಲಿ ಆರು ಅಂಕ ಅವಳದೇ, ಸುಳ್ಳಲ್ಲ.

"ಸ್ಕೋರ್ ಮಾಡಿ ಅಲ್ಲೇ ನಿಂತ್ಯಲ್ಲ" ಎಂದು ಅತ್ತಿಗೆ ಮುಂದೆ ಹೋದರು. ಸಿ, ಸಿ, ಒಬ್ಬಳಿಗೆ ಡಿ. ಕಂಡಕ್ಟರ್ ಸ್ಟಾಪಿನ ಹೆಸರು ಹೇಳುವ ದನಿ, ಸಿಟ್ಟೂ ಇಲ್ಲ, ಕನಿಕರವೂ ಇಲ್ಲ. ಕೊನೆಗೆ ಹಿಂದಿನ ಸೀಟಿಗೆ ಬಂದರು. ಪ್ರಣಮ್ಯಾ ಮಂಡಿಯ ಮೇಲೆ ಕರವಸ್ತ್ರ ಒತ್ತಿಕೊಂಡು ಕೂತಿದ್ದಳು.

"ಸಾರಿ ಮಿಸ್."

"ಏನಕ್ಕೆ ಸಾರಿ?"

"ಒಣ್ಣು ಕೂಡ ಪೋಡಲೆ ಮಿಸ್." ಒಂದು ಬುಟ್ಟಿಯೂ ಹಾಕಲಿಲ್ಲವಂತೆ.

ಅತ್ತಿಗೆ ಕಂಬಿಯನ್ನು ಇನ್ನೊಂದು ಕೈಗೆ ಬದಲಿಸಿದರು. ಬಸ್ಸು ಹಳ್ಳಕ್ಕಿಳಿದು ಎದ್ದಿತು. "ಎ" ಎಂದರು. ಹುಡುಗಿ ಕೇಳಿಸದವಳಂತೆ ನೋಡಿದಳು. ಆಗ ಅತ್ತಿಗೆ ಕೂಗಿದರು, "ಎ! ಕೇಳಿಸ್ತಾ? ಎ!"

ಡ್ರೈವರು ಕನ್ನಡಿಯಲ್ಲಿ ನೋಡಿದ. ಅಣ್ಣ ಹೋದ ಮೇಲೆ ಆ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಎಪ್ಪತ್ನಾಲ್ಕು–ಎಂಟು ಮರೆತೇ ಹೋಯಿತು. ಕುಣಿದಾಡುವುದೊಂದು ಬಾಕಿ. ಅಲ್ಲೇ ಕೂತು ಫೋನಿನಲ್ಲಿ ಗ್ರೇಡು ಹತ್ತಿಸಿದೆ, ಎಲ್ಲರಿಗಿಂತ ಮೊದಲು ಪ್ರಣಮ್ಯಾದು. ಮನೆಗೆ ಬಂದು ಊಟಕ್ಕೆ ಕೂತಾಗ ಅತ್ತಿಗೆ, "ಅನು, ಸಾರಿಗೆ ಉಪ್ಪು ಸಾಲದಲ್ಲೇ" ಎಂದರು. ನಾನು ಉಪ್ಪಿನ ಭರಣಿ ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಸೋಮವಾರ ಬೆಳಿಗ್ಗೆ ಅತ್ತಿಗೆ ಹಾಜರಿಗೆ ಸಹಿ ಹಾಕುತ್ತಿದ್ದಾಗ ಪ್ರವೀಣ್ ಆಫೀಸಿಗೆ ಬಂದರು. ಕೈಯಲ್ಲಿ ಕಾಶಿ ಹಲ್ವದ ಡಬ್ಬಿ, ಮುಖ ಊರಗಲ. ಹಿಂದೆ ಪ್ರಣಮ್ಯಾ. ಅವಳ ಕೈಯಲ್ಲಿ ಟೀಮಿನ ಜೆರ್ಸಿ, ಒಗೆದು ಇಸ್ತ್ರಿ ಹಾಕಿ ಮಡಚಿದ್ದು.

"ನಿಮ್ಮ ಕೈಯಿಂದ ಎ ಅಂದ್ರೆ ಸುಮ್ನೆ ಅಲ್ಲ ಟೀಚರೇ. ಗಲ್ಲಿಯವರಿಗೆಲ್ಲ ತೋರಿಸಿದೆ. ತುಂಬಾ ಉಪಕಾರ ಆಯ್ತು. ಇನ್ನು ಸಾಕು, ಒಳ್ಳೆ ಹೆಸರಲ್ಲಿ ನಿಲ್ಲಿಸಿಬಿಡುವಾ. ಇವತ್ತಿಂದ ಸಂಜೆ ಟ್ಯೂಷನ್‌ಗೆ ಹಾಕಿದ್ದೇನೆ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಸಿ ಬಂದಿದ್ರೆ?" ಎಂದು ಕೇಳಿದೆ.

"ಸಿ ಬಂದ್ರೆ ಬಿಡಿಸ್ಲಿಕ್ಕೆ ಆಗ್ತದಾ? ಇನ್ನೊಂದು ವರ್ಷ ಆಡಿ ಸರಿ ಮಾಡ್ಕೋ ಅಂತಿದ್ದೆ. ಸೋತ ಹೆಸರು ಹೊತ್ಕೊಂಡು ಬಿಡ್ಬಾರ್ದಲ್ಲಾ."

ಗೋಳಿಬಜೆ! ಕಣ್ಣೆದುರಿಗೇ ಇತ್ತು. ಹೊಟ್ಟೆ ಹಿಡಿದು ನಕ್ಕವರು ನಾವೇ, ಆ ಮನುಷ್ಯನ ಕ್ರಮ ಗೊತ್ತಿದ್ದವರು ನಾವೇ. ಮನೆಯಲ್ಲಿ ಅಣ್ಣ ಇದ್ದಿದ್ದರೆ ಶನಿವಾರ ಬೆಳಿಗ್ಗೆಯೇ ಹೇಳಿಬಿಡುತ್ತಿದ್ದ.

"ಒಂದು ವರ್ಷ ಬಿಡಿ ಪ್ರವೀಣ್. ಅವಳು ಆಡ್ಲಿ" ಎಂದರು ಅತ್ತಿಗೆ.

"ಎ ಮೇಲೆ ಇನ್ನೆಂತ ಉಂಟು ಟೀಚರೇ?" ಎಂದು ಪ್ರವೀಣ್ ನಿಜವಾಗಿಯೂ ತಿಳಿಯದೆ ಕೇಳಿದರು. ಕೆಟ್ಟ ಮನುಷ್ಯನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಹಲ್ವದ ಡಬ್ಬಿಯನ್ನು ಅವನ ಮುಖಕ್ಕೇ ಹಿಡಿಯಬಹುದಿತ್ತು. ಹಾಲಿನ ಲೋಡು ಬರುವ ಹೊತ್ತಾಯಿತೆಂದು ಅವರು ಕೈಮುಗಿದು ಹೊರಟರು.

ನನ್ನ ಮುಂದೆ ಕಂಪ್ಯೂಟರಿನಲ್ಲಿ ಗ್ರೇಡಿನ ಪುಟ ತೆರೆದೇ ಇತ್ತು. ಎ ಅಳಿಸಿ ಸಿ ಒತ್ತಿದರೆ ಮುಗಿಯಿತು, ತಪ್ಪಾಗಿ ಹತ್ತಿತ್ತು ಎಂದರಾಯಿತು. ಕೈ ಅಲ್ಲಿಗೇ ಹೋಯಿತು. ಅತ್ತಿಗೆ ನೋಡಿದರು.

"ಬೇಡ ಅನು. ಅವಳು ಓಡಿದಾಳೆ."

ಪ್ರಣಮ್ಯಾ ಇನ್ನೂ ಅಲ್ಲೇ ನಿಂತಿದ್ದಳು. ಜೆರ್ಸಿಯನ್ನು ಮೇಜಿನ ಮೇಲಿಟ್ಟಳು. ಅದರ ಮಡಿಕೆ ಸರಿಮಾಡಿದಳು. ಆಮೇಲೆ, ಅಲ್ಲಿಯತನಕ ನಮ್ಮ ಹತ್ತಿರ ಒಂದು ಮಾತೂ ಕನ್ನಡದಲ್ಲಿ ಆಡದಿದ್ದ ಹುಡುಗಿ, ಅಪ್ಪನ ಧಾಟಿಯಲ್ಲೇ ಕೇಳಿದಳು, "ಮಿಸ್, ನಾನು ಓಡದೆ ನಿಂತಿದ್ರೆ ಆಡ್ಲಿಕ್ಕೆ ಸಿಗ್ತಿತ್ತು ಅಲ್ವಾ?"

"ನಿಲ್ಲಕ್ಕೆ ಆಗ್ತಿತ್ತೇನೇ ನಿಂಗೆ?" ಎಂದರು ಅತ್ತಿಗೆ.

ಹುಡುಗಿ ಯೋಚಿಸಿದಳು. "ಇಲ್ಲೆ ಮಿಸ್" ಎಂದು ಮತ್ತೆ ತಮಿಳಿಗೆ ಹೋದಳು. ಬೆಲ್ ಹೊಡೆಯಿತು, ಕ್ಲಾಸಿಗೆ ಹೊರಟುಹೋದಳು.

ಅತ್ತಿಗೆ ಜೆರ್ಸಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಪಿ.ಟಿ. ಪೀರಿಯಡ್ಡಿನ ಮಕ್ಕಳು ಬಾಗಿಲಿಗೆ ಬಂದು ಇಣುಕಿ ಹೋದರು. ಕಾಫಿ ತರಲಾ ಎಂದು ಕೇಳಿದೆ. ಬೇಡ ಎಂದರು. "ಪರವಾಯಿಲ್ಲ" ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ.

"ಅನು" ಎಂದರು, ಎದೆಯ ಹತ್ತಿರ ಕೈಯಿಟ್ಟುಕೊಂಡು, ಡಾಕ್ಟರಿಗೆ ಹೇಳುವವರ ಹಾಗೆ. "ಇಲ್ಲಿ ನೋಯ್ತಿದೆ ಕಣೇ. ನಿಮ್ಮಣ್ಣ ಹೋದಾಗ್ಲೂ ನೋಯಲಿಲ್ಲ. ಈಗ ನೋಯ್ತಿದೆ."

ನಾನು ಎದ್ದು ಆಫೀಸಿನ ಬಾಗಿಲು ಹಾಕಿದೆ.